ಸ್ಲ್ಯಾಬ್ ಹಾಕುವ ಮುಂಚೆ ಒಂದು ಪ್ರಶ್ನೆ: ಅಡುಗೆಮನೆ ಲೈನಿಗೆ ಮುಕ್ಕಾಲು ಇಂಚಿನ ಪೈಪು ಸಾಕಾ?

ತುಂಗೆ ದಂಡೆಯವ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ಆರ್‌ಸಿಸಿ, ಮೇಲೆ ಹೆಂಚು. ಗೋಡೆಗೆ ಜಂಬಿಟ್ಟಿಗೆ ಕಲ್ಲು. ಮಳೆ ಹಿಡಿಯುವ ಮುಂಚೆ ಸ್ಲ್ಯಾಬ್ ಆಗಬೇಕು ಅಂತ ಬರುವ ಸೋಮವಾರಕ್ಕೆ ನಿಶ್ಚಯ ಮಾಡಿದ್ದೇವೆ. ಕಂಬಿ ಕಟ್ಟುವವರು ಬಂದಾಗಿದೆ. ಪೈಪು ಹಾಕಲು ಉಳಿದಿರುವುದು ನಾಲ್ಕೇ ದಿನ.

ವೈರಿಂಗ್ ಮಾಡುವವರು ನಮ್ಮೂರಿನವರೇ, ಕೆಲಸ ಚೆನ್ನಾಗಿ ಗೊತ್ತಿರುವವರು. ಮನೆಗೆಲ್ಲ ಮುಕ್ಕಾಲು ಇಂಚಿನ ಪೈಪು, ಅಂದರೆ 20 ಮಿಮೀ, ಸಾಕು ಎನ್ನುತ್ತಾರೆ. ನನಗೆ ಅನುಮಾನ ಇರುವುದು ಅಡುಗೆಮನೆ ಲೈನಿನ ಬಗ್ಗೆ. ಡಿಬಿ, ಅಂದರೆ ಎಲ್ಲ ಲೈನೂ ಹೊರಡುವ ಮುಖ್ಯ ಬೋರ್ಡ್, ಹಜಾರದಲ್ಲಿದೆ. ಅಲ್ಲಿಂದ ಅಡುಗೆಮನೆಗೆ ಸುಮಾರು 11 ಮೀಟರ್, ಮಧ್ಯೆ ಮೂರು ಬೆಂಡ್. ಆ ಒಂದೇ ಪೈಪಿನಲ್ಲಿ ಬಚ್ಚಲುಮನೆ ಗೀಸರ್‌ಗೆ 4 ಸ್ಕ್ವೇರ್ ಎಂಎಂ (ಒಳಗಿನ ತಾಮ್ರ 4 ಚದರ ಮಿಮೀ) ಎರಡು ವೈರ್, ಅಡುಗೆಮನೆ ಪವರ್ ಪಾಯಿಂಟ್‌ಗೆ 4 ಸ್ಕ್ವೇರ್ ಎರಡು, ಲೈಟ್‌ಗೆ 1.5 ಎರಡು, ಎಲ್ಲಕ್ಕೂ ಸೇರಿ ಅರ್ತ್ 2.5 ಒಂದು. ಒಟ್ಟು ಏಳು ವೈರ್.

ನೆಟ್‌ನಲ್ಲಿ ಹುಡುಕಿದಾಗ, ವೈರ್‌ಗಳು ಪೈಪಿನ ಒಳಜಾಗದ 40 ಪರ್ಸೆಂಟ್ ಮೀರಬಾರದು ಅಂತ ಒಂದು ಕಡೆ ಸಿಕ್ಕಿತು. ಕ್ಯಾಲಿಪರ್ ಹಿಡಿದು ಅಳೆದೆ. ಪೈಪಿನ ಒಳಗಿನ ಅಗಲ 17 ಮಿಮೀ. ವೈರ್‌ಗಳ ದಪ್ಪ, ಮೇಲಿನ ಪ್ಲಾಸ್ಟಿಕ್ ಸೇರಿ, 4 ಸ್ಕ್ವೇರಿಗೆ 4.2 ಮಿಮೀ, 2.5ಕ್ಕೆ 3.6, 1.5ಕ್ಕೆ 3. ಏಳೂ ಸೇರಿ ಸುಮಾರು 80 ಚದರ ಮಿಮೀ ಆಯಿತು. ಪೈಪಿನ ಒಳಗೆ ಇರುವುದು 227. ಅಂದರೆ 35 ಪರ್ಸೆಂಟ್. 40ರ ಒಳಗೇ ಇದೆ. ಹಾಗಾದರೆ ಅವರು ಹೇಳುವುದೇ ಸರಿ ಅಲ್ವಾ? ಸ್ಲ್ಯಾಬ್ ಹಾಕಿದ ಮೇಲೆ ತಪ್ಪಾಯಿತು ಅಂದರೆ ಒಡೆಯಲು ಆಗುವುದಿಲ್ಲ. ದಯವಿಟ್ಟು ಗೊತ್ತಿದ್ದವರು ಹೇಳಿ.

ಅಡಿಕೆ ತೋಟ (ಹೊಸನಗರ)

ನಮ್ಮ ಮನೆಯಲ್ಲಿ ಎಲ್ಲ ಮುಕ್ಕಾಲು ಇಂಚೇ. 18 ವರ್ಷ ಆಯಿತು, ಏನೂ ತೊಂದರೆ ಆಗಿಲ್ಲ ಮಾರಾಯ್ರೆ. ಸುಮ್ನೆ ಖರ್ಚು ಜಾಸ್ತಿ ಮಾಡಿಕೊಳ್ಳಬೇಡಿ.

ಎಲೆಕ್ಟ್ರಿಕಲ್ ಡಿಪ್ಲೊಮಾ (ಭದ್ರಾವತಿ)

ತುಂಗೆ ದಂಡೆಯವರೇ, ನಿಮ್ಮ ಗುಣಾಕಾರ ಸರಿ ಇದೆ. ಆದರೆ ಆ 40 ಪರ್ಸೆಂಟ್ ನಿಯಮ ಅಮೆರಿಕದ ಕೋಡ್‌ನದ್ದು. ನಮ್ಮಲ್ಲಿ ಮನೆ ವೈರಿಂಗ್‌ಗೆ ನೋಡಬೇಕಾದ್ದು ಭಾರತೀಯ ಮಾನಕ ಐಎಸ್ 732. ಅದು 2019ರಲ್ಲಿ ಪರಿಷ್ಕರಣೆ ಆಗಿದೆ. ಸರ್ಕಾರಿ ಕಟ್ಟಡಗಳಿಗೆ ಸಿಪಿಡಬ್ಲ್ಯೂಡಿಯ (ಕೇಂದ್ರ ಲೋಕೋಪಯೋಗಿ ಇಲಾಖೆ) ಸ್ಪೆಸಿಫಿಕೇಶನ್ ಇದೆ, ನಾನು ಹೇಳುತ್ತಿರುವುದು 2013ರದ್ದು. ಅದರಲ್ಲಿ ಪರ್ಸೆಂಟ್ ಲೆಕ್ಕದ ಗೋಜೇ ಇಲ್ಲ. ಯಾವ ಪೈಪಿನಲ್ಲಿ ಯಾವ ವೈರ್ ಎಷ್ಟು ಅಂತ ನೇರವಾಗಿ ಪಟ್ಟಿ ಕೊಟ್ಟಿದ್ದಾರೆ.

ಪ್ರತಿ ಪೈಪಿಗೂ ಎರಡು ಕಾಲಂ ಇರುತ್ತವೆ, ಎಸ್ ಮತ್ತು ಬಿ. ನಿಮಗೆ ಬೇಕಾದ ಸಾಲುಗಳನ್ನು ಇಲ್ಲಿ ಬರೆಯುತ್ತೇನೆ. ಮೊದಲ ಅಂಕಿ ಎಸ್, ಎರಡನೆಯದು ಬಿ.

1.5 ಸ್ಕ್ವೇರ್: 20 ಮಿಮೀ ಪೈಪಿನಲ್ಲಿ 5 / 4, 25ರಲ್ಲಿ 10 / 8, 32ರಲ್ಲಿ 18 / 12
2.5 ಸ್ಕ್ವೇರ್: 20ರಲ್ಲಿ 5 / 3, 25ರಲ್ಲಿ 8 / 6, 32ರಲ್ಲಿ 12 / 10
4 ಸ್ಕ್ವೇರ್: 20ರಲ್ಲಿ 3 / 2, 25ರಲ್ಲಿ 6 / 5, 32ರಲ್ಲಿ 10 / 8

ಎಸ್ ಅಂದರೆ ನೇರ ಪೈಪು. ಎಷ್ಟು ನೇರ ಎಂಬುದನ್ನೂ ಪಟ್ಟಿಯ ಕೆಳಗೆ ಬರೆದಿದ್ದಾರೆ. ವೈರ್ ಎಳೆಯಲು ಕೊಡುವ ಒಂದು ಬಾಕ್ಸ್‌ನಿಂದ ಇನ್ನೊಂದು ಬಾಕ್ಸ್‌ಗೆ 4.25 ಮೀಟರ್ ಮೀರಬಾರದು, ಪೈಪು 15 ಡಿಗ್ರಿಗಿಂತ ಜಾಸ್ತಿ ತಿರುಗಿರಬಾರದು. 4.25 ಮೀಟರ್ ಅಂದರೆ ಸುಮಾರು 14 ಅಡಿ. ಇದಕ್ಕಿಂತ ಜಾಸ್ತಿ ತಿರುಗಿದರೆ ಬಿ ಕಾಲಂ. ನಿಮ್ಮದು 11 ಮೀಟರ್, ಮೂರು ಬೆಂಡ್. ಹಾಗಾಗಿ ಬಿ ಕಾಲಂ ಬಿಟ್ಟು ಬೇರೆ ನೋಡುವ ಹಾಗಿಲ್ಲ. ಅಲ್ಲಿ 20 ಮಿಮೀ ಪೈಪಿಗೆ 4 ಸ್ಕ್ವೇರ್ ವೈರ್ ಎರಡೇ. ನೀವು ಹಾಕಬೇಕೆಂದಿರುವುದು ಅಂಥವೇ ನಾಲ್ಕು, ಮೇಲೆ ಇನ್ನೂ ಮೂರು.

ತುಂಗೆ ದಂಡೆಯವ (ತೀರ್ಥಹಳ್ಳಿ)

ಧನ್ಯವಾದ ಸಾರ್. ಆದರೆ ಒಂದು ಅರ್ಥ ಆಗಲಿಲ್ಲ. 35 ಪರ್ಸೆಂಟ್ ಅಂದರೆ ಪೈಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ. ಹಾಗಿದ್ದೂ ಪಟ್ಟಿ ಎರಡೇ ವೈರ್ ಎನ್ನುವುದು ಯಾಕೆ? ವೈರಿಂಗ್‌ನವರು ಕೇಳಿದರೆ ನಾನು ಕಾರಣ ಹೇಳಬೇಕಲ್ಲ.

ವೈರ್‌ಮನ್ (ಸಾಗರ)

ನಾನು ಈ ಕೆಲಸಕ್ಕೆ ಬಂದು 26 ವರ್ಷ ಆಯಿತು. ಸಾಗರ, ಹೊಸನಗರ, ತಾಳಗುಪ್ಪ ಕಡೆ ನೂರಾರು ಮನೆಗೆ ವೈರ್ ಎಳೆದಿದ್ದೇನೆ. ಕಾರಣ ನಾನು ಹೇಳುತ್ತೇನೆ ಕೇಳಿ ತಮ್ಮಾ.

ವೈರನ್ನು ಪೈಪಿನೊಳಗೆ ಜೋಡಿಸಿ ಇಡುವುದಲ್ಲ, ಎಳೆಯುವುದು. ಎಳೆಯುವಾಗ ಬೆಂಡ್‌ನಲ್ಲಿ ಎಲ್ಲ ವೈರೂ ಒಳಮಗ್ಗುಲಿಗೆ ಬಂದು ಒತ್ತಿಕೊಳ್ಳುತ್ತವೆ. ಅಲ್ಲಿ ಪೈಪಿನ ಅರ್ಧಜಾಗ ಖಾಲಿ ಇದ್ದರೂ ಉಪಯೋಗ ಇಲ್ಲ. ಮೊದಲ ಬೆಂಡ್ ದಾಟಿದ ಮೇಲೆ ಎಳೆಯುವ ಬಲ ಹೆಚ್ಚಾಗುತ್ತದೆ. ಎರಡನೇ ಬೆಂಡ್‌ನಲ್ಲಿ ಆ ಹೆಚ್ಚಾದ ಬಲದಲ್ಲೇ ವೈರ್ ಒತ್ತುತ್ತದೆ, ಅದರಿಂದ ಇನ್ನೂ ಬಿಗಿ ಆಗುತ್ತದೆ. ಮೂರನೆಯದರಲ್ಲಿ ಇಬ್ಬರು ಸೇರಿ ಜಗ್ಗಬೇಕಾಗುತ್ತದೆ. ಬೆಂಡ್ ಎಷ್ಟಿದೆಯೋ ಅಷ್ಟು ಪಟ್ಟು ಅಲ್ಲ, ಅದಕ್ಕಿಂತ ಬೇಗ ಏರುತ್ತದೆ.

ನಾನು ಕೆಲಸ ಕಲಿಯುವ ಕಾಲದಲ್ಲಿ ಆದದ್ದು ಹೇಳುತ್ತೇನೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಆರು ವೈರ್, ಎರಡು ಎಲ್ಬೋ. ಎಲ್ಬೋ ಅಂದರೆ ಅಂಗಡಿಯಲ್ಲಿ ಸಿಗುತ್ತದಲ್ಲ, ಚೂಪಾಗಿ ತಿರುಗುವ ಮೊಣಕೈ, ಅದು. ನಾನು ಒಂದು ಕಡೆಯಿಂದ ವೈರ್ ಬಿಡುತ್ತಿದ್ದೆ, ಇನ್ನೊಬ್ಬರು ಆ ಕಡೆಯಿಂದ ಜಿಐ ತಂತಿ ಜಗ್ಗುತ್ತಿದ್ದರು. ಕಿರ್ ಅಂತ ಸದ್ದು ಬಂತು. ನಾನು ನಿಲ್ಲಿಸಿ ಅನ್ನಲಿಲ್ಲ. ವೈರ್ ಬಂತು, ಲೈಟ್ ಹತ್ತಿತು, ದುಡ್ಡೂ ಸಿಕ್ಕಿತು. ಜುಲೈ ತಿಂಗಳಲ್ಲಿ ಆ ಮನೆಯವರು ಕರೆಸಿದರು. ಸ್ವಿಚ್ ಬೋರ್ಡಿನ ಹತ್ತಿರ ಗೋಡೆ ಮುಟ್ಟಿದರೆ ಜುಂ ಎನ್ನುತ್ತದೆ ಅಂತ. ವೈರನ್ನು ವಾಪಸ್ ಎಳೆದು ತೆಗೆದೆವು. ಕೆಂಪು ವೈರಿನ ಮೇಲೆ ಒಂದು ಬೆರಳುದ್ದ ಸಿಪ್ಪೆ ಎದ್ದಿತ್ತು, ಒಳಗಿನ ತಾಮ್ರ ಹಸಿರು ಹಿಡಿದಿತ್ತು. ಎಲ್ಬೋದ ಅಂಚು ಕೊರೆದಿದ್ದ ಜಾಗ ಅದು. ಬೇಸಿಗೆ ಪೂರ್ತಿ ಗೋಡೆ ಒಣಗಿದ್ದರಿಂದ ಗೊತ್ತೇ ಆಗಿರಲಿಲ್ಲ. ಮಳೆಗಾಲದಲ್ಲಿ ಗೋಡೆ ನೀರು ಕುಡಿಯಿತು, ಪೈಪಿನೊಳಗೂ ಇಳಿಯಿತು. ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಅವತ್ತಿನಿಂದ ಎಳೆಯುವಾಗ ಸದ್ದು ಬಂದರೆ ನಾನು ಕೈ ಬಿಡುತ್ತೇನೆ.

ಅದಕ್ಕೇ ಹೇಳುವುದು, ನಮ್ಮ ಮಲೆನಾಡಿನಲ್ಲಿ ಪಟ್ಟಿಯ ಬಿ ಕಾಲಂ ಬಹಳ ಮುಖ್ಯ. ಜಂಬಿಟ್ಟಿಗೆ ಕಲ್ಲು ನೀರು ಹೀರುತ್ತದೆ. ನಾಲ್ಕು ತಿಂಗಳು ಗೋಡೆ ತೇವ ಇರುತ್ತದೆ. ಒಣ ಊರಿನಲ್ಲಿ ಹತ್ತು ವರ್ಷ ಸುಮ್ಮನಿರುವ ಗಾಯ ಇಲ್ಲಿ ಮೊದಲ ಮಳೆಗೇ ಎದ್ದು ಕೂರುತ್ತದೆ.

ಹೊಸನಗರದ ಅಣ್ಣಾ, ನಿಮ್ಮ ಮನೆಗೆ ಏನೂ ಆಗಿಲ್ಲ ಅಂದಿರಿ, ಒಳ್ಳೆಯದು. 18 ವರ್ಷದ ಹಿಂದೆ ನಿಮ್ಮ ಅಡುಗೆಮನೆಗೆ ಒಂದು ಮಿಕ್ಸಿ, ಒಂದು ಲೈಟ್ ಇತ್ತು. ಇವರು ಗೀಸರ್, ಓವನ್, ಇಂಡಕ್ಷನ್ ಎಲ್ಲ ಲೆಕ್ಕ ಹಾಕುತ್ತಿದ್ದಾರೆ.

ಊರು ಶಿವಮೊಗ್ಗ, ಕೆಲಸ ಅಮೆರಿಕ

ನಾನು ಇಲ್ಲಿ ಕಟ್ಟಡಗಳ ಎಲೆಕ್ಟ್ರಿಕಲ್ ಡಿಸೈನ್ ಕೆಲಸದಲ್ಲಿದ್ದೇನೆ. 40 ಪರ್ಸೆಂಟ್ ವಿಷಯ ಬಂದದ್ದರಿಂದ ಎರಡು ಮಾತು.

ಇಲ್ಲಿನ ಕೋಡ್‌ನ 9ನೇ ಅಧ್ಯಾಯದ ಮೊದಲ ಪಟ್ಟಿಯಲ್ಲಿ ಮೂರು ಅಂಕಿ ಇವೆ. ಒಂದೇ ವೈರ್ ಆದರೆ 53 ಪರ್ಸೆಂಟ್, ಎರಡಾದರೆ 31, ಎರಡಕ್ಕಿಂತ ಜಾಸ್ತಿ ಆದರೆ 40. ಎರಡಕ್ಕೆ ಯಾಕೆ ಅಷ್ಟು ಕಡಿಮೆ ಅಂತ ನಾನೂ ಮೊದಲು ತಲೆ ಕೆಡಿಸಿಕೊಂಡಿದ್ದೆ. ಎರಡು ವೈರ್ ಪಕ್ಕಪಕ್ಕ ನಿಂತರೆ, 50 ಪರ್ಸೆಂಟ್ ಆಗುವಷ್ಟರಲ್ಲೇ ಪೈಪಿನ ಅಗಲ ಪೂರ್ತಿ ಹಿಡಿದುಬಿಡುತ್ತವೆ. ಮೇಲೆ ಕೆಳಗೆ ಜಾಗ ಉಳಿದರೂ ಅಲ್ಲಾಡಲು ಆಗುವುದಿಲ್ಲ.

ಇನ್ನೊಂದು, ಇಲ್ಲಿನ ಪಟ್ಟಿಯನ್ನು ಅಲ್ಲಿನ ಪೈಪಿಗೆ ಹಚ್ಚಬೇಡಿ. ನಾವು ಊರಿನಲ್ಲಿ ಮುಕ್ಕಾಲು ಇಂಚು ಎನ್ನುವ 20 ಮಿಮೀ ಪೈಪಿನಲ್ಲಿ ಆ 20 ಹೊರಗಿನ ಅಳತೆ. ಒಳಗೆ 16ರಿಂದ 17 ಅಷ್ಟೇ, ದಪ್ಪ ಗೋಡೆಯ ಹೆವಿ ಪೈಪಾದರೆ ಇನ್ನೂ ಕಡಿಮೆ. ಇಲ್ಲಿ ಮುಕ್ಕಾಲು ಇಂಚಿನ ತೆಳು ಉಕ್ಕಿನ ಪೈಪು ಅಂದರೆ ಒಳಗೇ ಸುಮಾರು 20.9 ಮಿಮೀ ಇರುತ್ತದೆ. ನಮ್ಮ ಮುಕ್ಕಾಲಿಂಚಿಗೆ ಹತ್ತಿರ ಬರುವುದು ಇಲ್ಲಿನ ಅರ್ಧ ಇಂಚಿನದು, ಒಳಗೆ 15.8. ಹೆಸರು ಒಂದೇ, ಪೈಪು ಬೇರೆ. ಇಲ್ಲಿನ ಪಟ್ಟಿ 12 ಗೇಜ್ ವೈರ್ ಮುಕ್ಕಾಲಿಂಚಿನಲ್ಲಿ 16 ಹೋಗುತ್ತದೆ, ಅರ್ಧ ಇಂಚಿನಲ್ಲಿ 9 ಹೋಗುತ್ತದೆ ಎನ್ನುತ್ತದೆ. ಅದನ್ನು ನೋಡಿ ನಮ್ಮ ಪೈಪಿಗೆ 16 ಅಂದುಕೊಂಡರೆ ಕೆಲಸ ಕೆಟ್ಟಿತು.

ವೈರೂ ಬೇರೆಯೇ. ಇಲ್ಲಿನ ಆ 12 ಗೇಜ್ ವೈರಿನಲ್ಲಿ ತಾಮ್ರ 3.3 ಚದರ ಮಿಮೀ, ಹೊರಗಿನ ದಪ್ಪ 3.3 ಮಿಮೀ ಮಾತ್ರ. ತೆಳು ಪ್ಲಾಸ್ಟಿಕ್, ಅದರ ಮೇಲೆ ನುಣುಪಾದ ನೈಲಾನ್ ಪದರ. ನಮ್ಮ 2.5 ಸ್ಕ್ವೇರ್ ವೈರಿನಲ್ಲಿ ತಾಮ್ರ ಕಡಿಮೆ ಇದ್ದೂ ಹೊರಗೆ 3.6. ನೈಲಾನ್ ಇಲ್ಲದ ಕಾರಣ ಪೈಪಿನೊಳಗೆ ಜಾರುವುದೂ ಕಡಿಮೆ. ಒಂದು ಪಟ್ಟಿ ಅಂದರೆ ಅದರ ಪೈಪು, ಅದರ ವೈರ್, ಅದರ ಬೆಂಡ್ ಲೆಕ್ಕ ಎಲ್ಲ ಒಟ್ಟಿಗೆ. ಇಲ್ಲಿ ಎರಡು ಬಾಕ್ಸ್ ನಡುವೆ ಒಟ್ಟು 360 ಡಿಗ್ರಿ ತಿರುವು, ಅಂದರೆ ನಾಲ್ಕು ಪೂರ್ತಿ ಬೆಂಡ್ ತನಕ ಬಿಡುತ್ತಾರೆ.  ಒಂದರಿಂದ ಪರ್ಸೆಂಟ್, ಇನ್ನೊಂದರಿಂದ ಪೈಪು ತೆಗೆದುಕೊಂಡರೆ ಎರಡೂ ಕೋಡ್ ತಪ್ಪಿದ ಹಾಗೆ.

ಮೂರು ವೈರ್ ಇರುವಾಗ ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳುತ್ತಾರೆ. ಪೈಪಿನ ಒಳ ಅಗಲ ವೈರಿನ ದಪ್ಪದ 2.8ರಿಂದ 3.2 ಪಟ್ಟು ಇದ್ದರೆ ಬೆಂಡ್‌ನಲ್ಲಿ ಮೂರೂ ಒಂದೇ ಸಾಲಿಗೆ ಬಂದು ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತವೆ. ನಮ್ಮ 25 ಮಿಮೀ ಪೈಪಿನಲ್ಲಿ 16 ಸ್ಕ್ವೇರ್ ಮೂರು ವೈರ್ ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಪರ್ಸೆಂಟ್ ಲೆಕ್ಕದಲ್ಲಿ ಪಾಸ್ ಆಗುತ್ತದೆ. ಭದ್ರಾವತಿಯವರು ಹೇಳಿದ ಪಟ್ಟಿ ನೋಡಿದರೆ ಅಲ್ಲಿ ಎರಡೇ ಇದೆ. ನೋಡಿ ಖುಷಿಯಾಯಿತು.

ಮನೆ ನಮ್ಮದು (ಶಿವಮೊಗ್ಗ, ವಿನೋಬನಗರ)

ನಾನು ವೈರಿಂಗ್ ತಿಳಿದವಳಲ್ಲ. ಆದರೆ ನಮ್ಮ ಮನೆಯ ಅನುಭವ ಹೇಳುತ್ತೇನೆ. ಕಟ್ಟಿಸುವಾಗ ಎಸಿ ಬೇಡ ಅಂದಿದ್ದೆವು. ಈಗ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಮಲಗಲು ಆಗುತ್ತಿಲ್ಲ. ಅತ್ತೆಗೆ ವಯಸ್ಸಾಗಿದೆ, ಅವರ ಕೋಣೆಗೆ ಹಾಕಿಸಲು ಹೋದರೆ ಪೈಪಿನಲ್ಲಿ ಒಂದು ವೈರೂ ಹೋಗುತ್ತಿಲ್ಲ. ಕೊನೆಗೆ ಗೋಡೆ ಮೇಲೆ ಬಿಳಿ ಪಟ್ಟಿ ಹೊಡೆದು ಹೊರಗಿನಿಂದ ತಂದರು. ಅಣ್ಣಾ, ನೀವು ಒಂದೆರಡು ಖಾಲಿ ಪೈಪು ಈಗಲೇ ಹಾಕಿಸಿಡಿ. ಮಲಗುವ ಕೋಣೆಗೊಂದು, ಅಡುಗೆಮನೆಗೊಂದು.

ಎಲೆಕ್ಟ್ರಿಕಲ್ ಡಿಪ್ಲೊಮಾ (ಭದ್ರಾವತಿ)

ಅಕ್ಕ ಹೇಳಿದ್ದು ನಿಜ. ಇನ್ನೊಂದು ವಿಷಯ ಯಾರೂ ಹೇಳಲಿಲ್ಲ, ಬಿಸಿ. ಒಂದೇ ಪೈಪಿನಲ್ಲಿ ಹಲವು ಸರ್ಕ್ಯೂಟ್ ಹೋದರೆ ಒಂದರ ಬಿಸಿ ಇನ್ನೊಂದಕ್ಕೆ. ಗೋಡೆಯೊಳಗಿನ ಪೈಪಿನಲ್ಲಿ 4 ಸ್ಕ್ವೇರ್ ತಾಮ್ರದ ವೈರ್ ಒಂದೇ ಸರ್ಕ್ಯೂಟ್ ಇದ್ದಾಗ, 30 ಡಿಗ್ರಿ ಹವೆಯಲ್ಲಿ, 32 ಆಂಪ್ ತಡೆಯುತ್ತದೆ ಅಂತ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. 40 ಡಿಗ್ರಿ ಹಿಡಿದರೆ 0.87ರಿಂದ ಗುಣಿಸಬೇಕು. ಒಂದೇ ಪೈಪಿನಲ್ಲಿ ಎರಡು ಸರ್ಕ್ಯೂಟ್ ಆದರೆ 0.80, ಮೂರಾದರೆ 0.70. ನಿಮ್ಮದು ಮೂರು. 32ಕ್ಕೆ 0.87, ಅದಕ್ಕೆ 0.70 ಗುಣಿಸಿ. 19.5 ಆಂಪ್ ಬರುತ್ತದೆ. ಅದಕ್ಕೆ 25 ಆಂಪ್ ಎಂಸಿಬಿ (ಲೋಡ್ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿದರೆ ವೈರ್ ಕಾಯ್ದರೂ ಎಂಸಿಬಿ ಬೀಳುವುದಿಲ್ಲ. ಬೇರೆ ಬೇರೆ ಪೈಪು ಮಾಡಿದರೆ ಅದೇ ವೈರ್ 27 ಆಂಪ್ ದಾಟುತ್ತದೆ. ತೀರ್ಥಹಳ್ಳಿ ತಂಪು ಊರು, ನಿಜ. ಆದರೆ ಬೇಸಿಗೆಯಲ್ಲಿ ಹೆಂಚಿನ ಕೆಳಗೆ ಅಟ್ಟಕ್ಕೆ ಹತ್ತಿ ನೋಡಿ, 40 ಡಿಗ್ರಿ ಹಿಡಿಯುವುದು ಜಾಸ್ತಿ ಅನಿಸುವುದಿಲ್ಲ.

ಸಿಪಿಡಬ್ಲ್ಯೂಡಿ ಪ್ರಕಾರ ಲೈಟ್ ವೈರ್, ಪವರ್ ವೈರ್ ಬೇರೆ ಬೇರೆ ಪೈಪಿನಲ್ಲೇ ಹೋಗಬೇಕು. ಮನೆಗೂ ಅದೇ ಪಾಲಿಸಿ.

ತುಂಗೆ ದಂಡೆಯವ (ತೀರ್ಥಹಳ್ಳಿ)

ಸರಿ, ಈಗ ಕಾರಣ ಸ್ಪಷ್ಟವಾಯಿತು. ಹಾಗಾದರೆ ಏಳು ವೈರಿಗೂ ಒಂದೇ 25 ಮಿಮೀ ಪೈಪು ಹಾಕಿದರೆ? ಪಟ್ಟಿಯಲ್ಲಿ ಪ್ರತಿ ಸಾಲಿನಲ್ಲೂ ಒಂದೇ ಅಳತೆಯ ವೈರ್ ಇದೆ. ನನ್ನದು ಮೂರು ಅಳತೆ. ಅದನ್ನು ಹೇಗೆ ಓದುವುದು?

ವೈರ್‌ಮನ್ (ಸಾಗರ)

ಮಿಶ್ರ ಇದ್ದಾಗ ನಾನು ಮಾಡುವುದು ಇಷ್ಟೇ. ಎಲ್ಲವನ್ನೂ ದೊಡ್ಡ ವೈರ್ ಅಂತಲೇ ಎಣಿಸುತ್ತೇನೆ. ನಿಮ್ಮದು ಏಳೂ 4 ಸ್ಕ್ವೇರ್ ಅಂತ ಹಿಡಿಯಿರಿ. ಬಿ ಕಾಲಂನಲ್ಲಿ 25 ಮಿಮೀಗೆ 5, ಸಾಲದು. 32ಕ್ಕೆ 8, ಸಾಕು. ಆದರೆ 32 ಪೈಪನ್ನು ಐದು ಇಂಚಿನ ಸ್ಲ್ಯಾಬ್‌ನಲ್ಲಿ ಹಾಕಿ, ಅದರ ಮೇಲೆ ಇನ್ನೊಂದು ಪೈಪು ದಾಟಿಸಿದರೆ ಕಾಂಕ್ರೀಟಿಗೆ ಜಾಗ ಎಲ್ಲಿ? ಅದಕ್ಕಿಂತ ಒಡೆದು ಹಾಕಿ. ಗೀಸರ್‌ಗೆ 25 ಮಿಮೀ ಒಂದು, ಅಡುಗೆಮನೆ ಪವರ್‌ಗೆ 25 ಇನ್ನೊಂದು, ಲೈಟ್‌ಗೆ 20.

ಅರ್ತ್ ಒಂದೇ 2.5 ಅಂತ ಬರೆದಿದ್ದೀರಿ, ಅದನ್ನು ಬದಲಿಸಿ. 16 ಸ್ಕ್ವೇರ್ ತನಕ ಫೇಸ್ ವೈರ್ ಎಷ್ಟೋ ಅರ್ತ್ ಅಷ್ಟೇ ಇರಲಿ. ಹಾಗಾಗಿ ಗೀಸರ್ ಪೈಪಿನಲ್ಲಿ 4 ಸ್ಕ್ವೇರ್ ಮೂರು. ಅಡುಗೆಮನೆದೂ ಮೂರು. ಬಿ ಕಾಲಂನ 5ರ ಒಳಗೆ ಆರಾಮಾಗಿ ಕೂರುತ್ತದೆ. ಲೈಟ್ ಪೈಪಿನಲ್ಲಿ 1.5 ಮೂರು, ಪಟ್ಟಿ 4 ತನಕ ಬಿಡುತ್ತದೆ.

ಎಲ್ಬೋ ಬೇಡವೇ ಬೇಡ. ಪೈಪಿನೊಳಗೆ ಸ್ಪ್ರಿಂಗ್ ಹಾಕಿ ಮೊಣಕಾಲಿಗೆ ಒತ್ತಿ ಅಗಲವಾಗಿ ಬಗ್ಗಿಸಿ. ಎರಡು ಬೆಂಡ್ ಆದ ಮೇಲೆ ಒಂದು ಬಾಕ್ಸ್ ಕೊಡಿ. ಬಾಕ್ಸಿಗೆ ಸಿಮೆಂಟ್ ಚೀಲದ ಕಾಗದ ಗಟ್ಟಿಯಾಗಿ ತುರುಕಿ, ಮೇಲೆ ಟೇಪ್ ಹೊಡೆಯಿರಿ. ಇಲ್ಲದಿದ್ದರೆ ಸಿಮೆಂಟ್ ಹಾಲು ಒಳಗೆ ಇಳಿದು ಕಲ್ಲಾಗುತ್ತದೆ. ಜೋಡಣೆಗೆಲ್ಲ ಸೊಲ್ಯೂಶನ್ (ಪೈಪು ಅಂಟಿಸುವ ಅಂಟು) ಹಚ್ಚಿ, ಸುಮ್ನೆ ತುರುಕಿ ಬಿಡಬೇಡಿ. ಪೈಪು ಮಧ್ಯದಲ್ಲಿ ಜೋತು ಬೀಳದ ಹಾಗೆ ಕಂಬಿಗೆ ಕಟ್ಟಿ, ಜೋತ ಜಾಗದಲ್ಲಿ ನೀರು ನಿಲ್ಲುತ್ತದೆ. ಕಾಂಕ್ರೀಟ್ ಸುರಿಯುವ ದಿನ ಒಬ್ಬರು ಅಲ್ಲೇ ನಿಂತಿರಿ. ಕೆಲಸದವರು ಗೊತ್ತಿಲ್ಲದೆ ಪೈಪಿನ ಮೇಲೆ ಕಾಲಿಡುತ್ತಾರೆ, ಅವರ ತಪ್ಪಲ್ಲ.

ನಿಮ್ಮ ವೈರಿಂಗ್‌ನವರ ಹತ್ತಿರ ಜಗಳ ಬೇಡ. ಪಟ್ಟಿ ಕೈಯಲ್ಲಿ ಹಿಡಿದು, ಬೆಂಡ್ ಎಷ್ಟಿದೆ ಅಂತ ಅವರ ಜೊತೆಗೇ ಎಣಿಸಿ. ಕೆಲಸ ಗೊತ್ತಿರುವವರಿಗೆ ಬಿ ಕಾಲಂ ತೋರಿಸಿದರೆ ಮರುಮಾತು ಬೇಕಾಗುವುದಿಲ್ಲ.

ಅಡಿಕೆ ತೋಟ (ಹೊಸನಗರ)

ನಾನು ಮೊದಲು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಈಗ ನನ್ನದೂ ಒಂದು ಪ್ರಶ್ನೆ. ಅಡಿಕೆ ಸುಲಿಯುವ ಮೆಷಿನ್ ಇಡಲು ಮನೆಗೆ ತ್ರೀ ಫೇಸ್ ತೆಗೆದುಕೊಳ್ಳುತ್ತಿದ್ದೇವೆ. ಮೀಟರ್‌ನಿಂದ ಒಳಗಿನ ಡಿಬಿಗೆ 10 ಸ್ಕ್ವೇರ್ ನಾಲ್ಕು ವೈರ್, ಅರ್ತ್ ಸೇರಿ ಐದು. ಒಂದು ಇಂಚಿನ, ಅಂದರೆ 25 ಮಿಮೀ, ಪೈಪು ತಂದಿಟ್ಟಿದ್ದೇನೆ. ಇನ್ನೊಂದು, ನಮ್ಮ ಅಪ್ಪ ಈಗಲೂ 3/20, 7/20 ಅಂತಲೇ ವೈರ್ ಕೇಳುತ್ತಾರೆ. ಅದು ಪಟ್ಟಿಯಲ್ಲಿ ಎಲ್ಲಿ ಬರುತ್ತದೆ?

ಎಲೆಕ್ಟ್ರಿಕಲ್ ಡಿಪ್ಲೊಮಾ (ಭದ್ರಾವತಿ)

10 ಸ್ಕ್ವೇರಿಗೆ 25 ಮಿಮೀ ಪೈಪಿನಲ್ಲಿ ನೇರ ಇದ್ದರೆ 4, ಬೆಂಡ್ ಇದ್ದರೆ 3. ನಿಮಗೆ ಐದು ಬೇಕು. 32ರಲ್ಲಿ ಬೆಂಡ್ ಇದ್ದೂ 5 ಹೋಗುತ್ತದೆ. ಒಂದು ಇಂಚಿನದು ವಾಪಸ್ ಕೊಟ್ಟು ಒಂದೂಕಾಲು ತನ್ನಿ.

3/20 ಅಂದರೆ 20 ಗೇಜಿನ ಎಳೆ ಮೂರು, 7/20 ಅಂದರೆ ಏಳು. 20 ಗೇಜಿನ ಒಂದು ಎಳೆ ಸುಮಾರು 0.66 ಚದರ ಮಿಮೀ. ಹಾಗಾಗಿ 3/20 ಸುಮಾರು 2, 7/20 ಸುಮಾರು 4.6. ಈಗಿನ ಯಾವ ಅಳತೆಗೂ ಸರಿಯಾಗಿ ಕೂರುವುದಿಲ್ಲ. ಅಂಗಡಿಯಲ್ಲಿ 7/20 ಕೇಳಿದರೆ 4 ಸ್ಕ್ವೇರ್ ಕೊಡುತ್ತಾರೆ. ಪಟ್ಟಿ ನೋಡುವಾಗ ವೈರಿನ ಮೇಲೆ ಅಚ್ಚಾಗಿರುವ ಸ್ಕ್ವೇರ್ ಎಂಎಂ ನೋಡಿಯೇ ಎಣಿಸಿ.

ತುಂಗೆ ದಂಡೆಯವ (ತೀರ್ಥಹಳ್ಳಿ)

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಸ್ಲ್ಯಾಬ್ ಹೇಳಿದ ದಿನವೇ ಆಯಿತು. ನಮ್ಮ ವೈರಿಂಗ್‌ನವರಿಗೆ ಪಟ್ಟಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ಬೆರಳಲ್ಲಿ ಬೆಂಡ್ ಎಣಿಸಿದರು. ಆಮೇಲೆ ಅವರೇ ಡಿಬಿಯನ್ನು ಹಜಾರದ ಆ ಗೋಡೆಯಿಂದ ಈ ಗೋಡೆಗೆ ತಂದರು. ಒಂದು ಬೆಂಡ್ ಕಡಿಮೆ ಆಯಿತು, ಎರಡೂವರೆ ಮೀಟರ್ ಪೈಪು ಉಳಿಯಿತು. ಇದು ನನಗೆ ಹೊಳೆದೇ ಇರಲಿಲ್ಲ.

ಮೊನ್ನೆ ವೈರ್ ಎಳೆದರು. ಹೊರಗೆ ಜಡಿಮಳೆ. ಗೀಸರ್ ಲೈನಿನ ಮೂರು ವೈರಿಗೂ ಟಾಲ್ಕಂ ಪೌಡರ್ ಸವರಿ, ತುದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಸುಲಿದು ವೈರ್ ಎಳೆಯುವ ಸ್ಪ್ರಿಂಗ್‌ಗೆ ಕಟ್ಟಿದರು. ನಾನು ಡಿಬಿ ಹತ್ತಿರ ವೈರ್ ಬಿಡುತ್ತಿದ್ದೆ. ಆ ಕಡೆ ಅವರ ಹುಡುಗ ಒಂದೇ ಕೈಯಲ್ಲಿ ಎಳೆದ. ಸದ್ದೇ ಬರಲಿಲ್ಲ. ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ 500 ವೋಲ್ಟ್‌ನಲ್ಲಿ ಪ್ರತಿ ಲೈನೂ ಪರೀಕ್ಷೆ ಮಾಡಿದರು. ಒಂದು ಮೆಗಾಓಮ್ ಇದ್ದರೆ ಸಾಕಂತೆ, ನಮ್ಮ ಎಲ್ಲ ಲೈನೂ 100 ದಾಟಿದೆ.

ವಿನೋಬನಗರದ ಅಕ್ಕ ಹೇಳಿದ ಹಾಗೆ ಖಾಲಿ ಪೈಪು ಎರಡು ಹಾಕಿಸಿದ್ದೇನೆ. ಒಳಗೆ ನೈಲಾನ್ ದಾರ ಬಿಟ್ಟು ಎರಡೂ ತುದಿಗೆ ಗಂಟು ಹಾಕಿದ್ದೇವೆ. ಇರುವೆ ಹೋಗದ ಹಾಗೆ ಬಾಯಿಗೆ ಮುಚ್ಚಳ ಹಾಕಿದೆ.

ವೈರ್‌ಮನ್ (ಸಾಗರ)

ಒಳ್ಳೆಯ ಕೆಲಸ ತಮ್ಮಾ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿದ್ದೀರಿ ಅಲ್ವಾ? ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಮೆಗ್ಗರ್ ಹಾಕಿಸಿ, ಎರಡೂ ಅಂಕಿ ಡಿಬಿ ಬಾಗಿಲ ಒಳಗೆ ಬರೆದಿಡಿ. ಮುಂದಿನ ಮಳೆಗಾಲದಲ್ಲಿ ಹೋಲಿಸಿ ನೋಡಲು ಬರುತ್ತದೆ.